ಆನೆ ಗ್ರೂಪಲ್ಲಿ ಆನೆ ಮೆಸೇಜೇ ಕಾಣ್ಲಿಲ್ಲ, ಅಡ್ಮಿನ್ ಆಗಿ ನಾನೇನ್ ಮಾಡ್ಲಿ?

ಕಾಡಂಚಿನ_ತೋಟ (ಭಾನುವಾರ ರಾತ್ರಿ 8:40)
ಎಲ್ರಿಗೂ ನಮಸ್ಕಾರ. ಸಕಲೇಶಪುರ ಆಲೂರು ಮಧ್ಯೆ ನಮ್ದೊಂದು ಸಣ್ಣ ತೋಟ, ಎಂಟೂವರೆ ಎಕರೆ. 2019ರಲ್ಲಿ ಅಕ್ಕಪಕ್ಕದ ನಾಲ್ಕು ಊರಿನೋರು ಸೇರಿ ಆನೆ ಎಲ್ಲಿದೆ ಅಂತ ತಿಳ್ಕೊಳ್ಳೋಕೆ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಅಡ್ಮಿನ್ ನಾನೇ. ಆಗ 40 ಜನ, ಈಗ 780.

ಮೊನ್ನೆ ಗುರುವಾರ ಬೆಳಿಗ್ಗೆ 6:10ಕ್ಕೆ ಹಾಲು ಹಾಕೋಕೆ ಹೊರಟಿದ್ದ ಹುಡುಗ ಒಬ್ಬ "ಕೆರೆ ಏರಿ ಮೇಲೆ 5 ಆನೆ, ಸ್ಕೂಲ್ ರಸ್ತೆ ಕಡೆ ಬರ್ತಿವೆ" ಅಂತ ಹಾಕಿದಾನೆ. ನಾನು ನೋಡಿದ್ದು 6:45ಕ್ಕೆ. ಅಷ್ಟೊತ್ತಿಗೆ ಅದರ ಮೇಲೆ 63 ಮೆಸೇಜ್. ಗುಲಾಬಿ ಹೂವಿನ ಗುಡ್ ಮಾರ್ನಿಂಗ್, ಯಾರೋ ಲೀಡರ್ ಹುಟ್ಟುಹಬ್ಬ, ಮೆಣಸಿನ ರೇಟು, ಶುಂಠಿ ಬಿತ್ತನೆ ಬೇಕಾ ಅಂತ ಒಂದು, ಮತ್ತೆ ಯಾವ್ದೋ ರಾಜ್ಯದ ಹಳೇ ವೀಡಿಯೋಗೆ "ಈಗ ತಾನೆ ನಮ್ಮೂರಲ್ಲಿ" ಅಂತ ಬರೆದು ಹಾಕಿರೋದು. ಜನ ಎಲ್ಲ ಆ ಸುಳ್ಳು ವೀಡಿಯೋಗೆ ಕೈ ಮುಗಿಯೋ ಗೊಂಬೆ ಹಾಕ್ತಾ ಕೂತಿದ್ರು, ನಿಜವಾದ ಆನೆ ಸ್ಕೂಲ್ ರಸ್ತೇಲಿತ್ತು.

ಅದೇ ದಾರೀಲಿ ಪಕ್ಕದ ತೋಟದ ಲೈನ್ ಮನೆಯಿಂದ (ತೋಟದ ಆಳುಗಳ ಸಾಲು ಮನೆ) ಕೆಲಸಕ್ಕೆ ಬರ್ತಿದ್ದ ಅಸ್ಸಾಂ ಕಡೆ ಹೆಂಗಸು ಆನೆ ಕಂಡು ಓಡಿ ಚರಂಡಿಗೆ ಬಿದ್ದು ಕೈ ಮುರ್ಕೊಂಡಿದಾಳೆ. ಜೀವ ಉಳೀತು, ದೊಡ್ಡದು. ಆದ್ರೆ ನನಗೆ ಮೂರು ದಿನದಿಂದ ನಿದ್ದೆ ಇಲ್ಲ. ಅವಳ ಹತ್ರಾನೂ ಸ್ಮಾರ್ಟ್ ಫೋನ್ ಇದೆ, ರಾತ್ರಿ ಊರಿಗೆ ವೀಡಿಯೋ ಕಾಲ್ ಮಾಡ್ತಾಳೆ. ಗ್ರೂಪಲ್ಲಿ ಮಾತ್ರ ಇಲ್ಲ, ಯಾರೂ ಸೇರಿಸೇ ಇಲ್ಲ, ನಾನೂ ಸೇರಿಸಿಲ್ಲ.

ಗ್ರೂಪ್ ಮುಚ್ಚಿಬಿಡ್ಲಾ? ಇಲ್ಲ ಬೇರೆ ಏನಾದ್ರೂ ದಾರಿ ಇದ್ಯಾ?

ಬಾಳ್ಳುಪೇಟೆ_ಬಾಯ್
ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಂಗೆ ಸೆಟ್ಟಿಂಗ್ ಮಾಡಿ ಸಾರ್, ಮುಗೀತು.

ಗೋಣಿಬೀಡಿನವ್ನು
ಮುಗೀತು ಅಂದ್ರೆ ಹೆಂಗೆ ಮಾರಾಯ. ಆನೆ ನೋಡೋನು ಅಡ್ಮಿನ್ ಅಲ್ಲ, ಹಾಲಿನ ಹುಡುಗ. ಅವನು ಹಾಕೋಕಾಗದೆ ಅಡ್ಮಿನ್‌ಗೆ ಫೋನ್ ಮಾಡ್ಬೇಕು, ಅಡ್ಮಿನ್ ಕಂಬಳಿ ಹೊದ್ಕೊಂಡು ಮಲಗಿರ್ತಾರೆ. ಅವರೇ ಬರ್ದಿದಾರಲ್ಲ 6:45ಕ್ಕೆ ನೋಡ್ದೆ ಅಂತ.

ಕಾಡಂಚಿನ_ತೋಟ
ಸರಿಯಾಗಿ ಚುಚ್ಚಿದ್ರಿ. ಒಪ್ಪಿದೆ.

ಹೇಮಾವತಿ_ದಂಡೆ
ಎರಡು ಗ್ರೂಪ್ ಮಾಡಿ. ಒಂದು ಹರಟೆಗೆ, ಒಂದು ಆನೆಗೆ. ನಮ್ಮ ಕಡೆ ಹಂಗೇ ಮಾಡಿದೀವಿ. ಆನೆ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಹಾಕಿದ್ರೆ ಮೊದಲ್ನೇ ಸಲ ಎಚ್ಚರಿಕೆ, ಎರಡನೇ ಸಲ ಹೊರಗೆ. ಪಂಚಾಯ್ತಿ ಮೆಂಬರನ್ನೇ ತೆಗ್ದಿದೀವಿ, ಒಂದ್ ವಾರ ನಮ್ಮನೆ ಮುಂದೆ ಹಾಯೋವಾಗ ಮುಖ ತಿರುಗಿಸ್ಕೊಂಡು ಹೋಗ್ತಿದ್ರು.

ಯಸಳೂರು_ಹೋಬಳಿ
ಸುಳ್ಳು ವೀಡಿಯೋ ವಿಷ್ಯಕ್ಕೆ ಬರ್ತೀನಿ. 2023 ಡಿಸೆಂಬರ್ 4, ನಮ್ಮ ಯಸಳೂರು ಕಾಡಲ್ಲಿ ಅರ್ಜುನ ಸತ್ತ ದಿನ ಯಾರಿಗೆ ಮರೆಯುತ್ತೆ. ಎಂಟು ಸಲ ಅಂಬಾರಿ ಹೊತ್ತ ಆನೆ, ಕಾಡಾನೆ ಹಿಡಿಯೋಕೆ ಬಂದು ಅದರ ಜೊತೆ ಕಾದಾಡಿ ಸತ್ತ. ಅವತ್ತು ರಾತ್ರಿ ನನ್ನ ಫೋನಿಗೆ ಗಂಟೆಗೊಂದು ಆಡಿಯೋ, ಒಂದೊಂದರಲ್ಲೂ ಒಂದೊಂದು ಕಥೆ, ಎಲ್ಲದಕ್ಕೂ ಶುರು "ನಾನು ಅಲ್ಲೇ ಇದ್ದೆ". ಅಷ್ಟು ಜನ ಅಲ್ಲೇ ಇದ್ದಿದ್ರೆ ಕಾಡಲ್ಲಿ ಆನೆಗೆ ನಿಲ್ಲೋಕೆ ಜಾಗ ಇರ್ತಿರ್ಲಿಲ್ಲ. ನಮ್ಮಮ್ಮ ಅಂತೂ ಎಲ್ಲಾ ಆಡಿಯೋ ಕೇಳಿ ಎಲ್ಲದಕ್ಕೂ ಅತ್ಲು.

ರೀಲ್ಸ್_ರಾಜ_ಬೇಲೂರು
ಹಂಗಂತ ವೀಡಿಯೋ ಹಾಕೋದೇ ತಪ್ಪಾ? ನಮ್ಮ ಕಡೆ ಓಡಾಡೋ ಕಾಡಾನೆ ಭೀಮ ರಸ್ತೇಲಿ ರಾಜಗಾಂಭೀರ್ಯದಲ್ಲಿ ನಡ್ಕೊಂಡ್ ಹೋಗೋದು ನೋಡಿ ಜನ ಖುಷಿ ಪಡ್ತಾರೆ, ಆನೆ ಮೇಲೆ ಪ್ರೀತಿ ಬರುತ್ತೆ.

ಯಸಳೂರು_ಹೋಬಳಿ
ಪ್ರೀತಿ ಬರೋದು ಬೆಂಗಳೂರಲ್ಲಿ ಕೂತು ನೋಡೋನಿಗೆ ಕಣಪ್ಪ. ಇಲ್ಲಿ ನಾಲ್ಕು ಬೈಕು ಹಿಂದೆ ಬಿದ್ದು ಆನೆ ಸಿಟ್ಟಾಗಿ ಮುಂದಿನ ಊರಿಗೆ ಹೋದಾಗ ಅಲ್ಲಿ ಸಿಗೋನು ಗದ್ದೆಗೆ ನೀರು ಕಟ್ಟೋಕೆ ಹೋದೋನು.

ಮರದ_ನೆರಳು
ನಾನು ಸ್ವಲ್ಪ ದಿನ ಈ ಆನೆ ಮಾಹಿತಿ ಕೆಲಸದಲ್ಲಿ ಓಡಾಡಿದೀನಿ, ಅದಕ್ಕೆ ಬರೀತಿದೀನಿ, ಉದ್ದ ಆದ್ರೆ ಬೈಬೇಡಿ. ಆನೆ ಕುತ್ತಿಗೆಗೆ ಜಾಗ ತಿಳಿಸೋ ರೇಡಿಯೋ ಕಾಲರ್ ಹಾಕಿದ್ದಾರಲ್ಲ, ಫೋನಲ್ಲಿ ಆನೆ ಚುಕ್ಕಿ ಥರ ಕಾಣ್ಬೇಕು ಅಂತ ಜನ ಅಂದ್ಕೊಂಡಿದಾರೆ. ಹಂಗಲ್ಲ. ಸಾಮಾನ್ಯವಾಗಿ ಕಾಲರ್ ಹಾಕೋದು ಗುಂಪಿನ ಹಿರಿ ಹೆಣ್ಣಾನೆಗೆ, ಅದು ಇರೋ ಕಡೆ ಗುಂಪು ಇರುತ್ತೆ ಅನ್ನೋ ಲೆಕ್ಕ. ಕಾಲರ್ ಇಷ್ಟು ಹೊತ್ತಿಗೊಂದ್ಸಲ ಅಂತ ಜಾಗ ಕಳಿಸುತ್ತೆ, ನಿಮಿಷ ನಿಮಿಷಕ್ಕಲ್ಲ, ಬ್ಯಾಟರಿ ವರ್ಷಗಟ್ಟಲೆ ಬರ್ಬೇಕಲ್ಲ. ಒಂಟಿ ಸಲಗ ಆ ಗುಂಪಿನ ಜೊತೆ ಇರೋದೇ ಇಲ್ಲ, ಕಾಲರ್ ಇಲ್ಲದಿದ್ರೆ ಅದನ್ನ ಕಣ್ಣಲ್ಲೇ ನೋಡಿ ಹೇಳ್ಬೇಕು. ಹಾಗಾಗಿ ಹಾಲಿನ ಹುಡುಗನ ಮೆಸೇಜು ಕಾಲರ್‌ಗಿಂತ ಬೆಲೆ ಬಾಳುತ್ತೆ.

ಇನ್ನೊಂದು. ಈ ಥರ ಎಚ್ಚರಿಕೆ ಕೊಡೋದು ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಮುಂಚೇನೇ ಮಾಡಿದ್ರು. ಕೇಬಲ್ ಟೀವಿ ಕೆಳಗೆ ಓಡೋ ಅಕ್ಷರ, ಎಸ್ಎಂಎಸ್, ಆಮೇಲೆ ಎತ್ತರದ ಜಾಗದಲ್ಲಿ ಒಂದು ಕೆಂಪು ದೀಪ. ದೀಪದೊಳಗೆ ಸಿಮ್ ಇರುತ್ತೆ, ಊರಿನೋನು ಫೋನಿಂದ ಹಾಕಿದ್ರೆ ಹತ್ತುತ್ತೆ. ದೀಪ ಉರೀತಿದ್ರೆ ಸುತ್ತ ಆನೆ ಇದೆ ಅಂತ, ಅಷ್ಟೇ. ಓದೋಕೆ ಬರ್ಬೇಕಾಗಿಲ್ಲ, ಗ್ರೂಪಲ್ಲಿ ಇರ್ಬೇಕಾಗಿಲ್ಲ. ಆಮೇಲೆ ನಮ್ಮ ಹಾಸನದ ಕಡೆಗೂ ಎಸ್ಎಂಎಸ್ಸು, ರಸ್ತೆ ಬದಿ ಅಕ್ಷರ ಓಡೋ ಬೋರ್ಡು ಬಂದ್ವು. ಬೋರ್ಡು ಒಳ್ಳೇದೇ, ಆದ್ರೆ ಬೋರ್ಡಿಗೆ ಓದು ಬೇಕು, ದೀಪಕ್ಕೆ ಕಣ್ಣು ಸಾಕು.

ಕಾಡಂಚಿನ_ತೋಟ
ಈ ಕೆಂಪು ದೀಪದ ವಿಷ್ಯ ನನಗೆ ಗೊತ್ತೇ ಇರ್ಲಿಲ್ಲ.

ಹೊಳೆನರಸೀಪುರ_ಹೈದ
ದೀಪ ಹತ್ಬೇಕಂದ್ರೂ ಸಿಮ್ಮಿಗೆ ರೇಂಜ್ ಬೇಕಲ್ಲ ಅಣ್ಣ 😂 ನಮ್ಮ ಹಾಸನದ ಸಾಲಗಾಮೆ ರಸ್ತೇಲಿ ಇಸ್ರೋದವರ ದೊಡ್ಡ ದೊಡ್ಡ ತಟ್ಟೆ ಆಂಟೆನಾ ಇದಾವೆ. 36 ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹಕ್ಕೆ ಹಾಸನದಿಂದ ಸಿಗ್ನಲ್ ಹೋಗುತ್ತೆ, 40 ಕಿಲೋಮೀಟರ್ ಸಕಲೇಶಪುರಕ್ಕೆ ಹೋಗಲ್ಲ!

ಡಿಪ್ಲೊಮಾ_ಇ_ಸಿ
ಈ ಜೋಕು ಹಾಸನದಲ್ಲಿ ನಾನು ಹುಟ್ಟೋಕ್ ಮುಂಚಿಂದ ಇದೆ, ಆದ್ರೂ ಸರಿ ಮಾಡ್ತೀನಿ. ಅದು ಉಪಗ್ರಹ ನಿಯಂತ್ರಣ ಕೇಂದ್ರ, 1982ರಲ್ಲಿ ಇನ್ಸಾಟ್-1ಎ ಕಾಲದಿಂದ ಇರೋದು. ಅವರ ಕೆಲಸ ಉಪಗ್ರಹ ತನ್ನ ಜಾಗ ಬಿಟ್ಟು ಅಲ್ಲಾಡದ ಹಂಗೆ ನೋಡ್ಕೊಳ್ಳೋದು. ನಿಮ್ಮ ಮೊಬೈಲಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಮೊಬೈಲು ಟವರಿಗೆ ಮಾತಾಡುತ್ತೆ, ಟವರಿಂದ ಮುಂದಕ್ಕೆ ನೆಲದೊಳಗಿನ ಫೈಬರ್ರೋ ಇಲ್ಲ ಟವರಿಂದ ಟವರಿಗೆ ಮೈಕ್ರೋವೇವೋ. ಆಷಾಢದ ಮಳೇಲಿ ಮರ ಬಿದ್ದು ಕರೆಂಟ್ ಹೋಗುತ್ತೆ, ಟವರಿನ ಬ್ಯಾಟರಿ ಎಷ್ಟೊತ್ತು ಅಂತ ಎಳೀತದೆ, ಜನರೇಟರಿಗೆ ಡೀಸೆಲ್ ಹಾಕೋಕೆ ಯಾರೂ ಬರಲ್ಲ, ರಸ್ತೆ ಅಗಲ ಮಾಡೋ ಜೆಸಿಬಿ ಫೈಬರ್ ಕಿತ್ತಿರುತ್ತೆ. ಇಷ್ಟೇ ರಹಸ್ಯ. ಆಕಾಶದ ತಪ್ಪಲ್ಲ, ಜೆಸಿಬಿ ತಪ್ಪು.

ಹೊಳೆನರಸೀಪುರ_ಹೈದ
ಜೋಕಿಗೂ ಪಾಠ ಮಾಡಿದ್ರಲ್ಲ ಮೇಷ್ಟ್ರೆ

ಕಳಸದ_ಮಳೆ
ಕರೆಂಟು ಬಂದ್ರೆ ಟವರ್ ಇರಲ್ಲ, ಟವರ್ ಬಂದ್ರೆ ಕರೆನ್ಸಿ ಇರಲ್ಲ, ಎರಡೂ ಇದ್ರೆ ನಮ್ಮೆಜಮಾನ್ರು ಫೋನ್ ಬಿಡಲ್ಲ.

ಸ್ಕೂಲ್_ಅಮ್ಮ_ಮೂಡಿಗೆರೆ
2020-21ರಲ್ಲಿ ಶಾಲೆ ಮುಚ್ಚಿದಾಗ ನಾನು ಪಾಠ ಮಾಡ್ತಿದ್ದೆ, ಮೊಬೈಲಲ್ಲಿ. 31 ಮಕ್ಕಳಲ್ಲಿ ಒಂದು ದಿನಾನೂ 12ಕ್ಕಿಂತ ಜಾಸ್ತಿ ಬರ್ಲಿಲ್ಲ. ಒಬ್ಬಳು ಹುಡುಗಿ ಗುಡ್ಡದ ಮೇಲೆ ಬಂಡೆ ಹತ್ರ ಕೂತ್ಕೊಂಡು, ಅವರಪ್ಪ ಪಕ್ಕದಲ್ಲಿ ಕೊಡೆ ಹಿಡ್ಕೊಂಡು ನಿಂತಿರ್ತಿದ್ರು, ಜಿಗಣೆ ಕಿತ್ಕೋತಾ. ಅವರಪ್ಪ ನನ್ನ ಭಿನ್ನರಾಶಿ ಪಾಠ ಪೂರ್ತಿ ಕೇಳಿ ಒಂದ್ಸಲ ಮಗಳಿಗಿಂತ ಮುಂಚೆ ಉತ್ತರ ಹೇಳ್ಬಿಟ್ರು. ನಗು ಬಂತು, ಆಮೇಲೆ ಹೊಟ್ಟೆ ಉರೀತು. ಬರ್ದೇ ಇದ್ದ 19 ಮಕ್ಕಳಲ್ಲಿ ಹೆಚ್ಚಿನೋರು ಲೈನ್ ಮನೆಯೋರು. ಇಬ್ರು ಮತ್ತೆ ಶಾಲೆಗೇ ಬರ್ಲಿಲ್ಲ, ತೋಟಕ್ಕೆ ಹೋದ್ರು. ನಿಮ್ಮ ಗ್ರೂಪಲ್ಲಿ ಇಲ್ಲದ ಆ ಹೆಂಗಸಿನ ಕಥೆ ಓದಿ ನನಗೆ ನೆನಪಾಗಿದ್ದು ಆ ಹಾಜರಿ ಪುಸ್ತಕ.

ಹೇಮಾವತಿ_ದಂಡೆ
ಟೀಚರಮ್ಮ 🙏

ಕೊಬ್ರಿ_ಅರಸೀಕೆರೆ
ಬರೀ ಕೆಟ್ಟದ್ದೇ ಹೇಳ್ತಿದೀರಲ್ಲ, ಒಳ್ಳೇದೂ ಹೇಳಿ ಸ್ವಾಮಿ. ನಮ್ಮಪ್ಪನ ಕಾಲದಲ್ಲಿ ಮಂಡಿಗೆ ಕೊಬ್ರಿ ಹಾಕಿದ್ರೆ ಯಾರು ಎಷ್ಟಕ್ಕೆ ಕೂಗಿದ್ರು ಅನ್ನೋದು ದಲ್ಲಾಳಿ ಹೇಳಿದ್ದೇ ವೇದ. 2014ರಲ್ಲಿ ಕರ್ನಾಟಕದಲ್ಲಿ ಆನ್‌ಲೈನ್ ಟೆಂಡರಿಗೆ ಮಂಡಿಗಳನ್ನ ಸೇರಿಸೋ ಒಂದೇ ವೇದಿಕೆ ಶುರುವಾಯ್ತು, ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಬಂದಿದ್ದೇ 2016ರಲ್ಲಿ, ನಾವು ಅವರಿಗಿಂತ ಮುಂದೆ. ಈಗ ಲಾಟಿಗೆ ಎಷ್ಟಕ್ಕೆ ಟೆಂಡರ್ ಆಯ್ತು ಅಂತ ಮೊಬೈಲಿಗೆ ಬರುತ್ತೆ, ನಮ್ಮಪ್ಪ ಕನ್ನಡಕ ಏರಿಸ್ಕೊಂಡು ಓದಿ ಒಪ್ಪಲ್ಲ ಅಂತ ಮಾಲು ವಾಪಸ್ ತಂದ ದಿನಾನೂ ಇದೆ. ಮುಂಚೆ ಆ ಧೈರ್ಯ ಇತ್ತಾ?

ಕಣದಲ್ಲಿ_ಕಾಫಿ
ಧೈರ್ಯ ಇರ್ಲಿ, ಮಾಲು ಇಟ್ಕೊಳ್ಳೋಕೆ ಗೋಡೌನ್ ಇರ್ಬೇಕಲ್ಲ. ಕಾಫಿ ವಿಷ್ಯ ಹೇಳ್ತೀನಿ ಕೇಳಿ. ನಮ್ಮ ತಾತನ ಕಾಲದಲ್ಲಿ ಬೆಳೆದಿದ್ದೆಲ್ಲಾ ಕಾಫಿ ಬೋರ್ಡು ಒಟ್ಟಿಗೆ ಸೇರಿಸಿ ಮಾರೋ ಪೂಲ್‌ಗೆ ಹಾಕ್ಬೇಕಿತ್ತು, ದುಡ್ಡು ಕಂತಲ್ಲಿ ಬರ್ತಿತ್ತು, ರೇಟು ಕೇಳೋ ಪ್ರಶ್ನೇನೇ ಇಲ್ಲ. 1992ರಿಂದ ಸ್ವಲ್ಪ ಸ್ವಲ್ಪ ಬಿಟ್ಟು 1996ಕ್ಕೆ ಪೂರ್ತಿ ಬಿಟ್ರು, ಆಗ ನಾವೇ ಮಾರ್ಕೊಳ್ಳೋ ಹಂಗಾಯ್ತು. ಆದ್ರೆ ರೇಟು ಗೊತ್ತಿದ್ದದ್ದು ವ್ಯಾಪಾರಿಗೆ, ಅವನ ಮನೇಲಿ ಫೋನ್ ಇತ್ತು, ನಮ್ಮನೇಲಿ ಇರ್ಲಿಲ್ಲ. ಈಗ ರಾತ್ರಿ ಮಲಗೋಕ್ ಮುಂಚೆ ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್, ಎರಡೂ ನೋಡ್ಕೊಂಡೇ ಮಲಗ್ತೀನಿ. ನ್ಯೂಯಾರ್ಕಲ್ಲಿ ಪೌಂಡ್ ತೂಕಕ್ಕೆ ಇಷ್ಟು ಸೆಂಟ್, ಲಂಡನ್ನಲ್ಲಿ ಟನ್ನಿಗೆ ಇಷ್ಟು ಡಾಲರ್ ಅಂತಿರುತ್ತೆ, ಡಾಲರ್ ರೇಟು ಹಿಡ್ದು 50 ಕೆಜಿ ಮೂಟೆಗೆ ಲೆಕ್ಕ ಹಾಕೋದು ನಮ್ಮೂರ ಒಂಬತ್ತನೇ ಕ್ಲಾಸ್ ಫೇಲ್ ಹುಡುಗನಿಗೂ ಬರುತ್ತೆ.

ಸರಿ, ಏನು ಉಪಯೋಗ? 2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟು ಅರೇಬಿಕಾ ರೇಟು ಹಾರ್ತು. ನನಗೆ ಅವತ್ತೇ ಗೊತ್ತಾಯ್ತು, ಕಣದಲ್ಲಿ ಕೂತೇ ಗೊತ್ತಾಯ್ತು. ನಮ್ಮ ಮಾಲು ಮಾರ್ಚ್‌ನಲ್ಲೇ ಕೊಟ್ಟಾಗಿತ್ತು, ಆಳಿನ ಸಂಬಳ, ಸೊಸೈಟಿ ಸಾಲ. ದೊಡ್ಡ ಎಸ್ಟೇಟಿನೋರು ಇಟ್ಕೊಂಡಿದ್ರು, ಅವರು ಮಾರಿದ್ರು. ನಾನು ಫೋನಲ್ಲಿ ರೇಟು ಏರೋದನ್ನ ನೋಡ್ದೆ, ಅಷ್ಟೇ, ಕ್ರಿಕೆಟ್ ನೋಡ್ದಂಗೆ.

ಕೊಬ್ರಿ_ಅರಸೀಕೆರೆ
ಅದು ಫೋನಿನ ತಪ್ಪಲ್ಲವಲ್ಲ ಸ್ವಾಮಿ, ಸಾಲದ ತಪ್ಪು.

ಕಣದಲ್ಲಿ_ಕಾಫಿ
ನಾನೂ ಅದನ್ನೇ ಹೇಳಿದ್ದು.

ಬಾಳ್ಳುಪೇಟೆ_ಬಾಯ್
ಈಗ ಅರೇಬಿಕಾ ಎಷ್ಟು ನಡೀತಿದೆ ಅಣ್ಣ?

ಹೇಮಾವತಿ_ದಂಡೆ
ನೋಡಿದ್ರಾ? ಹಿಂಗೇ ಆನೆ ಗ್ರೂಪ್ ಹಾಳಾಗೋದು!!

ಹಳೇ_ಅಂಚೆ
ನಾನು ಅಂಚೆ ಇಲಾಖೇಲಿ 34 ವರ್ಷ ಇದ್ದೋನು. ತಂತಿ ಬಂತು ಅಂದ್ರೆ ಊರೆಲ್ಲ ನಿಲ್ತಿತ್ತು. ಹೆಚ್ಚಿನವು ಸಾವಿನ ಸುದ್ದಿ, ಅಪರೂಪಕ್ಕೆ ಕೆಲಸ ಸಿಕ್ಕಿದ್ದು. ಮಾತಿಗೆ ದುಡ್ಡು ಇದ್ದಿದ್ದಕ್ಕೆ ಜನ ಎಣಿಸಿ ಬರೀತಿದ್ರು. 2013 ಜುಲೈಗೆ ತಂತಿ ಸೇವೆ ನಿಂತೋಯ್ತು. ಈಗ ಮಾತು ಬಿಟ್ಟಿ, ಅದಕ್ಕೆ ಆನೆ ಸುದ್ದಿ ಮೇಲೆ ಗುಲಾಬಿ ಹೂವು ಬೀಳ್ತಿದೆ. ನಿಮ್ಮ ಗ್ರೂಪಲ್ಲಿ ಮೆಸೇಜಿಗೆ ಒಂದೊಂದು ರೂಪಾಯಿ ಇಡಿ ನೋಡೋಣ.

ಗೋಣಿಬೀಡಿನವ್ನು
ಅಜ್ಜ ಗೂಗಲ್ ಪೇ ಸ್ಕ್ಯಾನರ್ ಹಾಕಿದ್ರೆ ನಾನೇ ಮೊದಲು ಕಟ್ತೀನಿ

ನ್ಯಾಯಬೆಲೆ_ಸಾಲು
ಲೈನ್ ಮನೆಯೋರ ವಿಷ್ಯ ಬಂತಲ್ಲ, ಇದನ್ನೂ ಕೇಳಿ. ನಮ್ಮಮ್ಮ 30 ವರ್ಷ ಕಾಫಿ ಕೊಯ್ದೋಳು, ಬೆರಳಿನ ಗೆರೆ ಸವೆದೋಗಿದೆ. ರೇಷನ್ನಿಗೆ ಹೆಬ್ಬೆಟ್ಟು ಇಟ್ರೆ ಮಿಷಿನ್ ತಗೊಳ್ಳಲ್ಲ. ನಿಂಬೆಹಣ್ಣಲ್ಲಿ ತೊಳ್ದು, ಸೀರೆ ಸೆರಗಲ್ಲಿ ಒರೆಸಿ, ಬೇರೆ ಬೆರಳಿಟ್ಟು, ಎರಡನೇ ದಿನ ಹೋಗಿ, ಆಗ ಸರ್ವರ್ ಇಲ್ಲ. ಅಂಗಡಿಯೋರು ಗೊತ್ತಿರೋರು, ಅವರದ್ದೇನೂ ತಪ್ಪಿಲ್ಲ, ಪಾಪ. "ಹತ್ತೊರ್ಷದಿಂದ ನನ್ನ ಮುಖ ನೋಡಿದೀಯಲ್ಲೋ, ನಾನೇ ಅಲ್ವೇನೋ ನಾನು" ಅಂತ ಅಮ್ಮ ಕೇಳಿದ್ರೆ ಅವನೂ ತಲೆ ತಗ್ಗಿಸ್ಕೊಂಡ. ಮೂರ್ನೇ ದಿನಕ್ಕೆ ಫೋನಿಗೆ ನಂಬರ್ ಬರೋ ಥರ ಮಾಡಿ ಅಕ್ಕಿ ಕೊಟ್ಟ.

ಸ್ಕೂಲ್_ಅಮ್ಮ_ಮೂಡಿಗೆರೆ
"ನಾನೇ ಅಲ್ವೇನೋ ನಾನು". ಅಯ್ಯೋ ದೇವರೇ.

ಪಹಣಿ_ಪುರಾಣ
ಕಾಗದದ ಕಾಲ ಚೆನ್ನಾಗಿತ್ತು ಅಂತ ಮಾತ್ರ ಯಾರೂ ಹೇಳ್ಬೇಡಿ. ಭೂಮಿ ಯೋಜನೆ ಬರೋಕ್ ಮುಂಚೆ ಪಹಣಿ ಬೇಕಂದ್ರೆ ಲೆಕ್ಕಿಗರ ಮನೆ ಬಾಗಿಲು ಕಾಯ್ಬೇಕಿತ್ತು, ಅವರು ಇದ್ರೆ ಪುಸ್ತಕ ಇರಲ್ಲ. ಆಮೇಲೆ ತಾಲ್ಲೂಕಾಫೀಸಲ್ಲಿ 15 ರೂಪಾಯಿಗೆ ಅಚ್ಚಾಗಿ ಬಂತು. ಅದು ದೊಡ್ಡ ಬದಲಾವಣೆ, ಒಪ್ಕೊಳ್ಳಿ. ಆದ್ರೆ ಕಂಪ್ಯೂಟರಿಗೆ ಹಾಕೋವಾಗ ತಪ್ಪಾದ ಹೆಸರು ಕಲ್ಲಿನ ಮೇಲೆ ಕೆತ್ತಿದಂಗೆ. ನಮ್ಮ ತಾತ ತಿಮ್ಮೇಗೌಡ, ಪಹಣೀಲಿ ನಿಮ್ಮೇಗೌಡ. ತಿದ್ದಿಸೋಕೆ ನಾಲ್ಕು ವರ್ಷ. ಈಗ ಊರಲ್ಲಿ ನಮ್ಮ ಮನೆಗೆ ಅಡ್ಡಹೆಸರು ನಿಮ್ಮೇಗೌಡರ ಮನೆ.

ರೀಲ್ಸ್_ರಾಜ_ಬೇಲೂರು
😂😂😂 ನಿಮ್ಮೇಗೌಡ್ರೆ

ಆಲೂರು_ಅಕ್ಕ
ಮದುವೆ ಕಾಗದ ಅಂತ ಎಪಿಕೆ ಫೈಲು (ಒತ್ತಿದ್ರೆ ಫೋನಿಗೆ ಆಪ್ ಹಾಕೋದು) ಬರ್ತಿದೆ, ಯಾರೂ ಒತ್ತಬೇಡಿ. ನಮ್ಮ ಭಾವ ಒತ್ತಿ ಖಾತೇಲಿದ್ದ 41 ಸಾವಿರ ಹೋಯ್ತು. ಬೇಗ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದಕ್ಕೆ 18 ಸಾವಿರ ತಡೆದ್ರು. ವಿಷ್ಯ ಬೇರೆ, ಆದ್ರೂ ಹೇಳ್ದೆ. ಈ ಥರದ ಗ್ರೂಪಲ್ಲೇ ಬಂದಿದ್ದು ಅದು.

ಕಾಡಂಚಿನ_ತೋಟ
ಎಲ್ಲ ಓದಿದೆ. ಒಂದು ಭಯ ಇದೆ, ಕೇಳ್ತೀನಿ. ಗ್ರೂಪಲ್ಲಿ ಯಾರಾದ್ರೂ ಸುಳ್ಳು ಹಾಕಿ ಗಲಾಟೆ ಆದ್ರೆ ಅಡ್ಮಿನ್ನನ್ನ ಹಿಡೀತಾರಂತಲ್ಲ ಹೌದಾ? ಮನೇಲಿ ಅದಕ್ಕೇ ಬಿಟ್ಬಿಡಿ ಅಂತಿದಾರೆ.

ಕೋರ್ಟ್_ಕಟ್ಟೆ_ಹಾಸನ
ಬೇರೆಯವರು ಹಾಕಿದ ಮೆಸೇಜಿಗೆ ಬರೀ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಮಾಡೋಕಾಗಲ್ಲ ಅಂತ 2021ರಲ್ಲಿ ಬಾಂಬೆ ಹೈಕೋರ್ಟು, 2022ರಲ್ಲಿ ಕೇರಳ ಹೈಕೋರ್ಟು ಹೇಳಿದಾವೆ. ಹಂಗಂತ ನೀವೂ ಸೇರ್ಕೊಂಡು ಹಂಚಿದ್ರೆ ಅದು ಬೇರೆ. ಸುಳ್ಳು ಹಂಚಿದ್ರೆ ಏನಾಗುತ್ತೆ ಅನ್ನೋದನ್ನ ಕರ್ನಾಟಕದಲ್ಲೇ ನೋಡಿದೀವಿ, 2018 ಜುಲೈನಲ್ಲಿ ಬೀದರ್ ಜಿಲ್ಲೆ ಮುರ್ಕೀಲಿ ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಗಾಳಿಸುದ್ದಿಗೆ ಹೈದರಾಬಾದಿನ ಹುಡುಗನ್ನ ಹೊಡ್ದು ಸಾಯಿಸಿದ್ರು. ಅದೇ ತಿಂಗಳು ವಾಟ್ಸಾಪಿನೋರು ಒಂದ್ಸಲಕ್ಕೆ ಐದು ಕಡೆಗಿಂತ ಜಾಸ್ತಿ ಕಳ್ಸೋಕಾಗದ ಹಂಗೆ ಮಿತಿ ಹಾಕ್ತೀವಿ ಅಂದ್ರು.

ಹೊಳೆನರಸೀಪುರ_ಹೈದ
ಐದು ಐದಾಗಿ ನಮ್ಮ ಚಿಕ್ಕಪ್ಪ ಇಡೀ ತಾಲ್ಲೂಕಿಗೇ ಕಳಿಸ್ತಾರೆ.

ಡಿಪ್ಲೊಮಾ_ಇ_ಸಿ
ಇನ್ನೊಂದು ದಾರಿ ಇದೆ. 2023ರಲ್ಲಿ ಒಂದಿನ ಎಲ್ಲರ ಫೋನೂ ಒಟ್ಟಿಗೆ ಕಿರುಚ್ಕೊಂಡಿದ್ದು ನೆನಪಿದ್ಯಾ, ತುರ್ತು ಎಚ್ಚರಿಕೆ ಪರೀಕ್ಷೆ ಅಂತ? ಅದು ಸೆಲ್ ಬ್ರಾಡ್‌ಕಾಸ್ಟ್. ಎಸ್ಎಂಎಸ್ ಅಂದ್ರೆ ಪಟ್ಟೀಲಿರೋ ಒಂದೊಂದು ನಂಬರಿಗೂ ಒಂದೊಂದು ಕಾಗದ ಹಾಕ್ದಂಗೆ, ಪಟ್ಟೀಲಿ ಇಲ್ದೋನಿಗೆ ಬರಲ್ಲ. ಇದು ಟವರೇ ನಿಂತ್ಕೊಂಡು ಡಂಗುರ ಹೊಡ್ದಂಗೆ. ಅದರ ಕೆಳಗೆ ಯಾವ ಊರಿನ ಸಿಮ್ ಇದ್ರೂ, ಸೈಲೆಂಟಲ್ಲಿದ್ರೂ ಕೂಗುತ್ತೆ. ಆನೆಗೂ ಅದನ್ನ ಉಪಯೋಗಿಸ್ಬೇಕು ಅಂತ ಒತ್ತಾಯ ಮಾಡ್ಬೇಕು.

ಮರದ_ನೆರಳು
ಕಷ್ಟ. ಒಂದು ಟವರು ಎಷ್ಟೋ ಊರಿಗೆ. ಆನೆ ಇರೋದು ಒಂದು ಕೆರೆ ಹತ್ರ, ಫೋನ್ ಕೂಗೋದು ಹತ್ತು ಊರಲ್ಲಿ, ದಿನಾ ಎರಡು ಸಲ. ಹದಿನೈದು ದಿನಕ್ಕೆ ಜನ ಆಫ್ ಮಾಡ್ಕೋತಾರೆ. ಪ್ರವಾಹಕ್ಕೆ ಸರಿ, ನಮ್ಮ ಆನೆಗಲ್ಲ.

ಡಿಪ್ಲೊಮಾ_ಇ_ಸಿ
ಹ್ಮ್. ಅದೂ ನಿಜ.

ನ್ಯಾಯಬೆಲೆ_ಸಾಲು
ಒಂದು ಮಾತು ಹೇಳ್ಲಾ? ಡಂಗುರ ಅಂದ್ರಲ್ಲ, ನಮ್ಮ ತಾತ ತಳವಾರ. ತಮಟೆ ಹಿಡ್ಕೊಂಡು ಕೇರಿ ಕೇರಿ ಹೋಗಿ ಸಾರ್ಬೇಕಿತ್ತು, ಒಂದು ಮನೆ ಬಿಡೋ ಹಂಗಿರ್ಲಿಲ್ಲ, ಬಿಟ್ರೆ ಬೈಸ್ಕೋಬೇಕಿತ್ತು. ನಿಮ್ಮ ಗ್ರೂಪಲ್ಲಿ ಲೈನ್ ಮನೆ ಬಿಟ್ಟೋಗಿದೆ, ಐದು ವರ್ಷದ ಮೇಲಾಯ್ತು, ಯಾರೂ ಕೇಳ್ಲಿಲ್ಲ. ಗುಡ್ ಮಾರ್ನಿಂಗ್ ನಿಲ್ಲಿಸಿದ್ರೂ ಆ ಹೆಂಗಸಿಗೆ ಗೊತ್ತಾಗ್ತಿರ್ಲಿಲ್ಲ. ಬೆಳಿಗ್ಗೆ ಆರಕ್ಕೆ ಆ ರಸ್ತೇಲಿ ನಡ್ಕೊಂಡು ಹೋಗೋರು ಯಾರು? ಜೀಪಲ್ಲಿ ಹೋಗೋರ ಪಟ್ಟಿ ಇಟ್ಕೊಂಡು ನಡೆಯೋರಿಗೆ ಎಚ್ಚರಿಕೆ ಕೊಡ್ತಿದೀರ.

ಗೋಣಿಬೀಡಿನವ್ನು
ಇದಕ್ಕೆ ಉತ್ತರ ಇಲ್ಲ.

ಆಲೂರು_ಅಕ್ಕ
ನಮ್ಮಲ್ಲಿ ಕೆಲಸ ಮಾಡೋ ಅಸ್ಸಾಂ ಹುಡುಗ ಒಬ್ಬನಿಗೆ ಕನ್ನಡ ಚೆನ್ನಾಗೇ ಬರುತ್ತೆ. ಮೆಸೇಜ್ ಬೇಡ, ಅವನ ಕೈಲಿ ವಾಯ್ಸ್ ಹಾಕ್ಸಿ. ಬರ್ದಿದ್ದು ಓದೋರು ಕಮ್ಮಿ, ಕೇಳಿಸ್ಕೊಳ್ಳೋರು ಎಲ್ಲರೂ. ನಮ್ಮೂರ ಅಜ್ಜಿಯರಿಗೂ ಅದೇ ಅನುಕೂಲ.

ಕಾಡಂಚಿನ_ತೋಟ (ಮುಂದಿನ ಶನಿವಾರ)
ಏನಾಯ್ತು ಅಂತ ಹೇಳ್ಬೇಕಲ್ಲ. ಹಳೇ ಗ್ರೂಪ್ ಹೆಸರು "ಊರ ಹರಟೆ" ಅಂತ ಮಾಡಿದೀನಿ, ಇರ್ಲಿ. ಹೊಸದು ಆನೆಗೆ ಮಾತ್ರ. ಸೋಮವಾರ ನಾನೂ ನನ್ನ ಹೆಂಡ್ತೀನೂ ಆರು ತೋಟದ ಲೈನ್ ಮನೆಗೆ ಹೋಗಿ ನಂಬರ್ ಬರ್ಕೊಂಡ್ವಿ, 94 ಜನ. ಎರಡು ಕಡೆ ತೋಟದ ಲೆಕ್ಕ ಬರೆಯೋ ರೈಟ್ರು "ಅವರಿಗ್ಯಾಕೆ ಸಾರ್" ಅಂದ್ರು, ಸುಮ್ನೆ ಬರ್ಕೊಂಡೆ. ಎಂಟು ಜನಕ್ಕೆ ಮೆಸೇಜ್ ಹಾಕೋ ಅಧಿಕಾರ, ಹಾಲಿನ ಹುಡುಗ ಮೊದಲ್ನೇಯವನು, ಪೇಪರ್ ಹಾಕೋನು, ಸ್ಕೂಲ್ ವ್ಯಾನ್ ಡ್ರೈವರ್ರು, ಅಸ್ಸಾಮಿನ ಇಬ್ರು ಮೇಸ್ತ್ರಿಗಳು. ಎಲ್ಲ ವಾಯ್ಸಲ್ಲಿ, ಕನ್ನಡದಲ್ಲೊಂದು ಅವರ ಭಾಷೇಲೊಂದು. ಕೆಂಪು ದೀಪಕ್ಕೆ ಎಸ್ಟಿಮೇಟ್ ಕೇಳಿದೀನಿ, ಕೆರೆ ಏರಿ ಮೇಲೆ ಒಂದು ಕಂಪನಿ ರೇಂಜ್ ಸಿಗುತ್ತೆ, ನೋಡ್ಕೊಂಡ್ ಬಂದೆ.

ಕೈ ಮುರಿದಿರೋ ಹೆಂಗಸಿನ ನಂಬರ್ ಕೇಳೋಕೆ ಹೋದಾಗ ಅವಳು ಫೋನೇ ಕೈಗೆ ಕೊಟ್ಲು, ನೀವೇ ಒತ್ಕೊಳ್ಳಿ ಅಂತ ಸನ್ನೆ ಮಾಡಿ. ಬಲಗೈಗೆ ಪಟ್ಟಿ ಇತ್ತು.

ಇವತ್ತು ಬೆಳಿಗ್ಗೆ 5:50ಕ್ಕೆ ಮೊದಲ್ನೇ ವಾಯ್ಸ್ ಬಂತು. ಗಾಬರಿ ಬಿದ್ದು ಎದ್ದು ಕೇಳಿದ್ರೆ ಸ್ಕೂಲ್ ವ್ಯಾನ್ ಡ್ರೈವರ್ರು, "ಎಲ್ರಿಗೂ ಶುಭೋದಯ, ಆನೆ ಎಲ್ಲೂ ಇಲ್ಲ".

ಹೇಮಾವತಿ_ದಂಡೆ
ಮೊದಲ್ನೇ ಸಲ ಎಚ್ಚರಿಕೆ ಕೊಡಿ 😄